ಹೊಣೆಯುಂಟು, ಅಧಿಕಾರವಿಲ್ಲ: ಮಾಹಿತಿ ಭದ್ರತೆಯ ನೌಕರರ ಸ್ಥಿತಿಗತಿ

ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ಬಿಡುವ ಎರಡು ಸಂಗತಿಗಳಿವೆ. ಕಾವಲುಗಾರನಾಗಿದ್ದ ಆಕೆಯ ಗಂಡ ಊಟಕ್ಕೆ ಬಂದಾಗ ಅವನ ಜಾಗದಲ್ಲಿ ನಿಲ್ಲಲು ಮತ್ತೊಬ್ಬ ಕಾವಲುಗಾರ ಇರಲಿಲ್ಲ ಎಂಬುದು ಒಂದು. ಆ ಕಿಂಡಿಯನ್ನು ಯಾರಾದರೂ ಮೊದಲೇ ಕಲ್ಲಿಟ್ಟು ಮುಚ್ಚಿದ್ದರೆ ಅವರ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ ಎಂಬುದು ಇನ್ನೊಂದು. ನಡೆಯದೆ ಹೋದ ಅನಾಹುತಕ್ಕೆ ಸಾಕ್ಷಿಯಿಲ್ಲ. ಅದನ್ನು ತಡೆದವರಿಗೆ ಕೀರ್ತಿಯೂ ಇಲ್ಲ.

ಇಂದಿನ ಬ್ಯಾಂಕು, ಆಸ್ಪತ್ರೆ, ಅಂಗಡಿ, ಸರಕಾರಿ ಕಚೇರಿಗಳ ಕಣಜವೆಲ್ಲ ಗಣಕಯಂತ್ರಗಳಲ್ಲಿದೆ. ಅದನ್ನು ಕಾಯುವವರನ್ನು ಮಾಹಿತಿ ಭದ್ರತೆಯ ನೌಕರರು ಅಥವಾ ಸೈಬರ್ ಭದ್ರತಾ ತಜ್ಞರು ಎನ್ನುತ್ತೇವೆ. ಗಡಿನಾಡಿನ ನಮ್ಮ ಮನೆಗಳಿಂದ ಬೆಂಗಳೂರು, ಮಂಗಳೂರು, ಕೊಚ್ಚಿಗಳಿಗೆ ಹೋಗಿ ಈ ಕೆಲಸದಲ್ಲಿ ತೊಡಗುವ ಯುವಜನರು ಈಗ ಅಪರೂಪವಲ್ಲ. ಬೇಡಿಕೆ ಹೆಚ್ಚಿರುವ, ಸಂಬಳವೂ ಚೆನ್ನಾಗಿರುವ ಉದ್ಯೋಗವೆಂದು ಇದನ್ನು ಹೊಗಳುವವರು ಬಹಳ. ಆದರೆ ಈ ಉದ್ಯೋಗ ಎಷ್ಟು ಭದ್ರ, ಇದರಲ್ಲಿರುವವರನ್ನು ಸಂಸ್ಥೆಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಆ ಪ್ರಶ್ನೆಗಳನ್ನು ಕೆಲವು ದಾಖಲಿತ ಪ್ರಸಂಗಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೆಲಸದ ಸ್ವರೂಪ

ಭದ್ರತೆಯ ಕೆಲಸವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಾವಲು. ಸಂಸ್ಥೆಯ ಜಾಲದಲ್ಲಿ ಏನೇನು ನಡೆಯುತ್ತಿದೆ ಎಂಬುದನ್ನು ಹಗಲಿರುಳೂ ಪಾಳಿಯಲ್ಲಿ ಕುಳಿತು ನೋಡುವವರು ಇವರು. ಎರಡನೆಯದು ಪರೀಕ್ಷೆ. ಸಂಸ್ಥೆಯ ಅನುಮತಿ ಪಡೆದು, ಕಳ್ಳನು ಒಳಹೊಗಬಹುದಾದ ದಾರಿಗಳನ್ನು ತಾವೇ ಹುಡುಕಿ ತೋರಿಸಿಕೊಡುವವರು ಇವರು. ಮೂರನೆಯದು ಆಡಳಿತ. ಯಾವ ನಿಯಮವಿರಬೇಕು, ಯಾವ ದೋಷವನ್ನು ಮೊದಲು ಸರಿಪಡಿಸಬೇಕು, ಅದಕ್ಕೆ ಎಷ್ಟು ಹಣ ಬೇಕು ಎಂದು ಸಂಸ್ಥೆಯ ಮೇಲಿನವರಿಗೆ ತಿಳಿಸುವವರು ಇವರು.

ಈ ಮೂವರಿಗೂ ಸಮಾನವಾದ ಒಂದು ಲಕ್ಷಣವುಂಟು. ಇವರು ದೋಷವನ್ನು ಕಂಡು ಹೇಳಬಲ್ಲರು; ಬಹುಮಟ್ಟಿಗೆ ಅದನ್ನು ಸರಿಪಡಿಸುವ ಅಧಿಕಾರ ಇವರ ಕೈಯಲ್ಲಿಲ್ಲ. ಸರ್ವರ್ ನಡೆಸುವ ವಿಭಾಗ ಬೇರೆ, ತಂತ್ರಾಂಶ ಬರೆಯುವ ವಿಭಾಗ ಬೇರೆ, ಹಣ ಮಂಜೂರು ಮಾಡುವವರು ಇನ್ನೂ ಬೇರೆ. ದೋಷ ಸರಿಪಡಿಸಲು ಒಂದು ರಾತ್ರಿ ವ್ಯವಹಾರ ನಿಲ್ಲಿಸಬೇಕೆಂದರೆ ಒಪ್ಪಿಗೆ ಕೊಡಬೇಕಾದವರು ವ್ಯಾಪಾರ ನೋಡಿಕೊಳ್ಳುವವರು. ಹೀಗಿದ್ದೂ ಕನ್ನ ಬಿದ್ದ ದಿನ ಮೊದಲ ಪ್ರಶ್ನೆ ಬರುವುದು ಭದ್ರತೆಯವರಿಗೇ. ಇವರ ಉದ್ಯೋಗದ ಅಭದ್ರತೆಗೆ ಮೂಲ ಇಲ್ಲಿದೆ.

ಬೆಂಗಳೂರಿನಿಂದ ಹೋದ ಎಚ್ಚರಿಕೆ

2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಅಂಗಡಿಗಳ ಸರಣಿಯ ಜಾಲಕ್ಕೆ ಕನ್ನ ಬಿತ್ತು. ಆ ಸಂಸ್ಥೆಯ ಅಂಗಡಿಗಳಲ್ಲಿ ಶೀತಕ ಮತ್ತು ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಒಬ್ಬ ಗುತ್ತಿಗೆದಾರರ ಪಾಸ್‌ವರ್ಡ್ ಕದ್ದು ಕಳ್ಳರು ಒಳಹೊಕ್ಕರು. ಸುಮಾರು 4 ಕೋಟಿ ಕಾರ್ಡುಗಳ ಸಂಖ್ಯೆಗಳೂ ಸುಮಾರು 7 ಕೋಟಿ ಗ್ರಾಹಕರ ವೈಯಕ್ತಿಕ ವಿವರಗಳೂ ಸೋರಿಹೋದವು.

ಈ ಪ್ರಸಂಗದಲ್ಲಿ ಕರ್ನಾಟಕಕ್ಕೆ ನೇರ ಸಂಬಂಧವಿರುವ ಒಂದು ಅಂಶವಿದೆ. ಟಾರ್ಗೆಟ್ ಸಂಸ್ಥೆಯ ಜಾಲವನ್ನು ಕಾಯುವ ತಂಡವೊಂದು ಬೆಂಗಳೂರಿನಲ್ಲಿತ್ತು. ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ 2014ರ ಮಾರ್ಚಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನವೆಂಬರ್ 30ರಂದು ಕಾವಲು ತಂತ್ರಾಂಶವು ಅನುಮಾನಾಸ್ಪದ ಚಟುವಟಿಕೆಯನ್ನು ಗುರುತಿಸಿದಾಗ ಬೆಂಗಳೂರಿನ ತಂಡ ಅದನ್ನು ಕಂಡಿತು. ಮಿನಿಯಾಪೊಲಿಸ್ ನಗರದಲ್ಲಿರುವ ಭದ್ರತಾ ಕೇಂದ್ರಕ್ಕೆ ತಿಳಿಸಿಯೂ ತಿಳಿಸಿತು. ಅಲ್ಲಿಂದ ಮುಂದೆ ತಕ್ಕ ಕ್ರಮ ನಡೆಯಲಿಲ್ಲ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯೇ ಬಂದು ತಿಳಿಸಿದ ಮೇಲೆ ಸಂಸ್ಥೆ ಎಚ್ಚೆತ್ತುಕೊಂಡಿತು. ಮರುವರ್ಷ ಮಾರ್ಚಿನಲ್ಲಿ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥೆ, ಮೇ ತಿಂಗಳಲ್ಲಿ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ತೊರೆದರು. ಮಾಹಿತಿ ಭದ್ರತೆಗೆಂದೇ ಪ್ರತ್ಯೇಕ ಮುಖ್ಯಸ್ಥರನ್ನು ಆ ಸಂಸ್ಥೆ ನೇಮಿಸಿದ್ದು 2014ರ ಜೂನಿನಲ್ಲಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆ ತಂಡದವರು ಕೆಲಸದಲ್ಲಿ ಸೋತವರಲ್ಲ. ಅವರು ನೋಡಬೇಕಾದುದನ್ನು ನೋಡಿದರು, ಹೇಳಬೇಕಾದಲ್ಲಿ ಹೇಳಿದರು. ಆದರೆ ಬಾಗಿಲು ಮುಚ್ಚುವ ನಿರ್ಧಾರ ಸಾವಿರಾರು ಮೈಲಿ ದೂರದ ಇನ್ನೊಂದು ಕೊಠಡಿಯಲ್ಲಿತ್ತು. ದೂರದ ದೇಶದ ಸಂಸ್ಥೆಗಳಿಗಾಗಿ ಭಾರತದಲ್ಲಿ ಕುಳಿತು ಕಾವಲು ಕೆಲಸ ಮಾಡುವವರು ಎದುರಿಸಬೇಕಾದ ತೊಡಕು ಇದು.

ಒಂದು ಮಿಂಚಂಚೆ, ಒಬ್ಬ ಅಧಿಕಾರಿ

ಎರಡನೆಯ ಪ್ರಸಂಗ ಈಕ್ವಿಫ್ಯಾಕ್ಸ್ ಸಂಸ್ಥೆಯದು. ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸಿ ಬ್ಯಾಂಕುಗಳಿಗೆ ಒದಗಿಸುವುದು ಇದರ ವ್ಯವಹಾರ. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಎಂಬ, ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ತಂತ್ರಾಂಶದಲ್ಲಿ ಗಂಭೀರ ದೋಷವಿದೆಯೆಂದು ಬಹಿರಂಗವಾಯಿತು. ಅದನ್ನು ಮುಚ್ಚುವ ಪ್ಯಾಚ್ ಕೂಡ ಅಂದೇ ಸಿಕ್ಕಿತು. ಎರಡು ದಿನಗಳ ಬಳಿಕ, 48 ಗಂಟೆಗಳೊಳಗೆ ಅದನ್ನು ಅಳವಡಿಸಬೇಕೆಂಬ ಸೂಚನೆ ಸಂಸ್ಥೆಯೊಳಗೆ 400ಕ್ಕೂ ಹೆಚ್ಚು ಮಂದಿಗೆ ಮಿಂಚಂಚೆಯಲ್ಲಿ ಹೋಯಿತು. ಆದರೆ ಗ್ರಾಹಕರ ದೂರುಗಳನ್ನು ಸ್ವೀಕರಿಸುವ ಒಂದು ಹಳೆಯ ಜಾಲತಾಣದಲ್ಲಿ ಆ ಕಿಂಡಿ ಹಾಗೆಯೇ ಉಳಿಯಿತು. ಮೇ ತಿಂಗಳಲ್ಲಿ ಕಳ್ಳರು ಅದರ ಮೂಲಕ ಒಳಹೊಕ್ಕು ಜುಲೈ ಕೊನೆಯವರೆಗೂ ಒಳಗೇ ಇದ್ದರು. ಜಾಲದಲ್ಲಿ ಹರಿಯುವ ಮಾಹಿತಿಯನ್ನು ಪರಿಶೀಲಿಸಬೇಕಿದ್ದ ಉಪಕರಣದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು ಒಂದೂವರೆ ವರ್ಷ ಕಳೆದಿತ್ತು. ಹೀಗಾಗಿ ಆ ಕಣ್ಣು ಕುರುಡಾಗಿತ್ತು. ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳು ಕಳವಾದವು.

ಬಳಿಕ ನಡೆದುದು ನಮ್ಮ ವಿಷಯಕ್ಕೆ ಮುಖ್ಯ. ಸೆಪ್ಟೆಂಬರಿನಲ್ಲಿ ಭದ್ರತಾ ಮುಖ್ಯಸ್ಥೆ, ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥ, ಕೊನೆಗೆ ಮುಖ್ಯ ಕಾರ್ಯನಿರ್ವಾಹಕ ರಿಚರ್ಡ್ ಸ್ಮಿತ್ ನಿವೃತ್ತರಾದರು. ಅಕ್ಟೋಬರ್ 3ರಂದು ಸ್ಮಿತ್ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಸಾಕ್ಷ್ಯ ನುಡಿಯುತ್ತ, ಪ್ಯಾಚ್ ಅಳವಡಿಸುವ ಸಂದೇಶವನ್ನು ಸಂಬಂಧಪಟ್ಟವರಿಗೆ ಮುಟ್ಟಿಸದ ಒಬ್ಬ ವ್ಯಕ್ತಿಯ ತಪ್ಪನ್ನು ಪ್ರಸ್ತಾಪಿಸಿದರು. ಅದರ ಹಿಂದಿನ ದಿನವೇ ಒಬ್ಬ ಹಿರಿಯ ಅಧಿಕಾರಿಯನ್ನು ವಜಾ ಮಾಡಲಾಗಿತ್ತು. ಆ ಮಿಂಚಂಚೆ ತಲಪಿದ 400ಕ್ಕೂ ಹೆಚ್ಚು ಮಂದಿಯಲ್ಲಿ ಅವರೂ ಒಬ್ಬರು. ಅದನ್ನು ಮುಂದಕ್ಕೆ ಕಳುಹಿಸಲಿಲ್ಲ ಎಂಬುದು ಅವರ ಮೇಲಿನ ಆರೋಪ. 2018ರ ಡಿಸೆಂಬರಿನಲ್ಲಿ ಪ್ರಕಟವಾದ ಕಾಂಗ್ರೆಸ್ ಸಮಿತಿಯ ವರದಿಯು ಬೇರೆಯದೇ ಚಿತ್ರವನ್ನು ಕೊಟ್ಟಿತು. ಭದ್ರತಾ ವಿಭಾಗ ಮತ್ತು ತಂತ್ರಜ್ಞಾನ ವಿಭಾಗಗಳ ನಡುವೆ ಹೊಣೆಯ ಗೆರೆಗಳು ಸ್ಪಷ್ಟವಾಗಿರಲಿಲ್ಲ, ಭದ್ರತಾ ಮುಖ್ಯಸ್ಥರು ಕಾನೂನು ವಿಭಾಗದ ಅಧೀನದಲ್ಲಿದ್ದರು, ಹಳೆಯ ವ್ಯವಸ್ಥೆಗಳ ಸರಿಯಾದ ಪಟ್ಟಿಯೂ ಇರಲಿಲ್ಲ. ಈ ಅನಾಹುತವನ್ನು ತಡೆಯಬಹುದಾಗಿತ್ತು ಎಂಬುದು ಅದರ ನಿರ್ಣಯ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಹಲವು ವರ್ಷಗಳ ಆಡಳಿತದೋಷವನ್ನು ಒಂದು ಮಿಂಚಂಚೆಗೆ, ಒಬ್ಬ ನೌಕರನಿಗೆ ಇಳಿಸುವುದು ಸುಲಭ. ಅದರಿಂದ ಸಂಸ್ಥೆಯ ಮೇಲಿನ ಒತ್ತಡ ಆ ಕ್ಷಣಕ್ಕೆ ಕಡಿಮೆಯಾಗಬಹುದು. ಕಿಂಡಿ ಮಾತ್ರ ಮುಚ್ಚುವುದಿಲ್ಲ.

ಮುಚ್ಚಿಡುವುದು ನಿಷ್ಠೆಯಲ್ಲ

ಹಾಗೆಂದು ಭದ್ರತೆಯವರು ಯಾವಾಗಲೂ ನಿರಪರಾಧಿಗಳು ಎನ್ನಲಾಗದು. ಊಬರ್ ಸಂಸ್ಥೆಯ ಭದ್ರತಾ ಮುಖ್ಯಸ್ಥರಾಗಿದ್ದ ಜೋ ಸಲಿವನ್ ಅವರ ಪ್ರಕರಣ ಇದಕ್ಕೆ ಉದಾಹರಣೆ. 2016ರಲ್ಲಿ 5 ಕೋಟಿ 70 ಲಕ್ಷ ಪ್ರಯಾಣಿಕರು ಮತ್ತು ಚಾಲಕರ ವಿವರಗಳನ್ನು ಇಬ್ಬರು ಕದ್ದಾಗ, ದೋಷ ಹುಡುಕಿಕೊಟ್ಟವರಿಗೆ ಬಹುಮಾನ ನೀಡುವ ಯೋಜನೆಯ ಹೆಸರಿನಲ್ಲಿ ಅವರಿಗೆ ಒಂದು ಲಕ್ಷ ಡಾಲರ್ ಪಾವತಿಸಿ, ವಿಷಯವನ್ನು ಬಹಿರಂಗಪಡಿಸದಂತೆ ಒಪ್ಪಂದ ಮಾಡಿಕೊಳ್ಳಲಾಯಿತು. ಹಿಂದಿನ ಒಂದು ಸೋರಿಕೆಯ ಬಗ್ಗೆ ಸರಕಾರಿ ಸಂಸ್ಥೆ ಆಗ ವಿಚಾರಣೆ ನಡೆಸುತ್ತಲೇ ಇತ್ತು. 2017ರಲ್ಲಿ ಹೊಸ ಆಡಳಿತ ವಿಷಯವನ್ನು ಬಯಲಿಗೆ ತಂದು ಸಲಿವನ್ ಅವರನ್ನು ಕೆಲಸದಿಂದ ತೆಗೆಯಿತು. 2022ರ ಅಕ್ಟೋಬರಿನಲ್ಲಿ ನ್ಯಾಯದರ್ಶಿಗಳ ಮಂಡಳಿ ಅವರನ್ನು ಅಪರಾಧಿಯೆಂದಿತು. 2023ರ ಮೇ ತಿಂಗಳಲ್ಲಿ ಅವರಿಗೆ ಮೂರು ವರ್ಷಗಳ ಪರಿವೀಕ್ಷಣೆಯ ಶಿಕ್ಷೆಯಾಯಿತು. ಘಟನೆಯ ಕಾಲದ ಮುಖ್ಯ ಕಾರ್ಯನಿರ್ವಾಹಕರ ಮೇಲೆ ಮೊಕದ್ದಮೆ ಹೂಡಲಿಲ್ಲ.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಸಂಸ್ಥೆಯ ಮಾನ ಉಳಿಸಲೆಂದು ಕಾನೂನಿನ ಕಣ್ಣು ತಪ್ಪಿಸುವುದು ನಿಷ್ಠೆಯಲ್ಲ, ಅಪರಾಧ. ಹಾಗೆ ಮುಚ್ಚಿಟ್ಟುದು ಹೊರಬಿದ್ದಾಗ ಸಂಸ್ಥೆ ತನ್ನ ನೌಕರನ ಜೊತೆಗೆ ನಿಲ್ಲುವುದೂ ಇಲ್ಲ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಅಡಿಯಲ್ಲಿ ಸರ್ಟ್-ಇನ್ ಎಂಬ ರಾಷ್ಟ್ರೀಯ ಸಂಸ್ಥೆ ಕೆಲಸ ಮಾಡುತ್ತದೆ. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಿಸಿದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳ ಕಾಲ ಕಾದಿರಿಸಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023ರಲ್ಲಿ ತಕ್ಕ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಈ ಕಾನೂನುಗಳು ಸಂಸ್ಥೆಯ ಹೊಣೆಯನ್ನು ಹೇಳುತ್ತವೆ. ಆರು ಗಂಟೆಗಳಲ್ಲಿ ವರದಿ ಆಗಬೇಕಾದರೆ ನಡುರಾತ್ರಿಯ ಪಾಳಿಯಲ್ಲಿರುವ ಕಿರಿಯ ನೌಕರನೊಬ್ಬ ಅಂಜದೆ ಬಾಯಿಬಿಡಬೇಕು. ತನ್ನ ತಂಡದ ತಪ್ಪನ್ನು ಹೇಳಿದರೆ ಕೆಲಸ ಹೋಗುವುದೆಂಬ ಭಯವಿರುವಲ್ಲಿ ಆ ಆರು ಗಂಟೆಗಳು ಸಮಜಾಯಿಷಿ ಹುಡುಕುವುದರಲ್ಲೇ ಕಳೆದುಹೋಗುತ್ತವೆ. ಆದ್ದರಿಂದ ನೌಕರನ ಉದ್ಯೋಗಭದ್ರತೆ ಅವನೊಬ್ಬನ ಹಿತದ ಪ್ರಶ್ನೆಯಲ್ಲ. ನಮ್ಮ ನಿಮ್ಮ ಬ್ಯಾಂಕ್ ಖಾತೆಯ ಸುರಕ್ಷತೆಯೂ ಅದಕ್ಕೆ ತಗುಲಿಕೊಂಡಿದೆ.

ಇನ್ನು ಉದ್ಯೋಗದ ಕಾನೂನು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆಯೇ, ತಾಂತ್ರಿಕ ಕೆಲಸ ಮಾಡುವವರನ್ನೂ ಕಾರ್ಮಿಕರೆಂದು ಪರಿಗಣಿಸುತ್ತದೆ. ವ್ಯವಸ್ಥಾಪಕ ಇಲ್ಲವೆ ಆಡಳಿತದ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿಗಳಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಇದರಿಂದ ಹೊರಗೆ. ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ರಕ್ಷಣೆ ತಪ್ಪುವುದಿಲ್ಲ. ಮುಖ್ಯವಾಗಿ ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ನ್ಯಾಯಾಲಯಗಳು ನೋಡುತ್ತ ಬಂದಿವೆ. ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆದುಹಾಕುವಾಗ ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ವೇತನ, ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. ದೊಡ್ಡ ಸಂಖ್ಯೆಯಲ್ಲಿ ತೆಗೆಯುವಾಗ ಸರಕಾರದ ಮುಂಚಿತ ಅನುಮತಿ ಪಡೆಯಬೇಕೆಂಬ ನಿಯಮ ಕಾರ್ಖಾನೆ, ಗಣಿ, ತೋಟಗಳಿಗೆ ಸೀಮಿತ. ಮಾಹಿತಿ ತಂತ್ರಜ್ಞಾನದ ಕಚೇರಿಗಳಿಗೆ ಅನ್ವಯಿಸುವುದಿಲ್ಲ. ಅನೇಕ ಕಡೆ ತೆಗೆದುಹಾಕುವ ಬದಲು ರಾಜೀನಾಮೆ ಬರೆದುಕೊಡಲು ಹೇಳುವುದುಂಟು. ಒಮ್ಮೆ ಸಹಿ ಹಾಕಿದರೆ ಅದು ಸ್ವಇಚ್ಛೆಯ ರಾಜೀನಾಮೆಯೆನಿಸಿ, ಪರಿಹಾರದ ಹಕ್ಕು ಕೈತಪ್ಪುವ ಸಂಭವವಿದೆ ಎಂಬುದನ್ನು ಹೊಸಬರು ತಿಳಿದಿರಬೇಕು.

ಕರ್ನಾಟಕ ಸರಕಾರವು 2014ರಿಂದ ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ಸ್ಥಾಯಿ ಆದೇಶಗಳ ಕಾಯಿದೆಯಿಂದ ವಿನಾಯಿತಿ ನೀಡುತ್ತ ಬಂದಿತು. 2024ರಲ್ಲಿ ಅದನ್ನು ಮತ್ತೆ ಐದು ವರ್ಷಗಳಿಗೆ ವಿಸ್ತರಿಸಿತು. ವಿನಾಯಿತಿಗೆ ಷರತ್ತುಗಳಿದ್ದವು: ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅಮಾನತು, ವಜಾ ಮುಂತಾದ ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. 2017ರಲ್ಲಿ ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನ ನೌಕರರ ಸಂಘವೂ ಹುಟ್ಟಿತು. 2024ರ ಜುಲೈಯಲ್ಲಿ ಕೆಲಸದ ಅವಧಿಯನ್ನು ದಿನಕ್ಕೆ 12 ಗಂಟೆಗಳಿಗೂ ಮೀರಿ ವಿಸ್ತರಿಸುವ ಪ್ರಸ್ತಾವ ಬಂದಾಗ ಆ ಸಂಘ ಪ್ರತಿಭಟಿಸಿತು. ರಾತ್ರಿಪಾಳಿಯ ಕಾವಲುಗಾರರಿಗೆ ಈ ವಿಷಯ ಹೆಚ್ಚು ತಟ್ಟುವಂಥದು. ಪರದೆಯ ಮೇಲೆ ನಿಮಿಷಕ್ಕೊಂದರಂತೆ ಸುಳ್ಳು ಎಚ್ಚರಿಕೆಗಳು ಬರುತ್ತಿರುವಾಗ, ಹನ್ನೆರಡನೆಯ ಗಂಟೆಯ ದಣಿದ ಕಣ್ಣು ನಿಜವಾದ ಎಚ್ಚರಿಕೆಯನ್ನು ದಾಟಿಸಿಬಿಡುತ್ತದೆ. ಓಬವ್ವನ ಗಂಡನಿಗೆ ಊಟದ ಹೊತ್ತಿಗೆ ಬದಲಿಯವನು ಇರಲಿಲ್ಲ. ಇಂದಿಗೂ ಎಷ್ಟೋ ಕಾವಲುಗಾರರ ಪಾಡು ಅದೇ.

ಕೈಯಲ್ಲಿರಬೇಕಾದ ಕಾಗದ

ಪರೀಕ್ಷಕರ ಪಾಡು ಇನ್ನೊಂದು ಬಗೆಯದು. ಮಾಲೀಕರ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯೊಳಗೆ ಹೋಗುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿನಲ್ಲಿ ಪರಿಹಾರವನ್ನೂ, ಅಪ್ರಾಮಾಣಿಕ ಉದ್ದೇಶವಿದ್ದರೆ 66ನೆಯ ಕಲಮಿನಲ್ಲಿ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಹೇಳಿದೆ. ಸದುದ್ದೇಶದ ಪರೀಕ್ಷಕರಿಗೆಂದು ಪ್ರತ್ಯೇಕ ವಿನಾಯಿತಿಯನ್ನು ಅದು ಹೇಳುವುದಿಲ್ಲ. ಆದುದರಿಂದ ಯಾವ ವ್ಯವಸ್ಥೆ, ಯಾವ ದಿನ, ಯಾವ ಮಿತಿ ಎಂಬುದನ್ನು ಬರಹದಲ್ಲಿ ಪಡೆಯದೆ ಪರೀಕ್ಷೆಗೆ ಇಳಿಯಬಾರದು. ಬರಹವಿದ್ದರೂ ಅದನ್ನು ಕೊಟ್ಟವರಿಗೆ ಅಧಿಕಾರವಿದೆಯೇ ಎಂದು ವಿಚಾರಿಸಬೇಕು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ನ್ಯಾಯಾಂಗ ಆಡಳಿತವೇ ನೇಮಿಸಿದ್ದ ಇಬ್ಬರು ಪರೀಕ್ಷಕರು ರಾತ್ರಿ ಒಂದು ನ್ಯಾಯಾಲಯದ ಕಟ್ಟಡವನ್ನು ಹೊಕ್ಕಾಗ, ಅನುಮತಿಪತ್ರ ತೋರಿಸಿದರೂ ಸ್ಥಳೀಯ ಪೊಲೀಸ್ ಅಧಿಕಾರಿ ಅವರನ್ನು ಬಂಧಿಸಿದರು. ಮೊಕದ್ದಮೆ ರದ್ದಾದುದು 2020ರ ಜನವರಿಯಲ್ಲಿ. ಅಷ್ಟು ತಿಂಗಳು ಅವರು ಅಪರಾಧದ ಆರೋಪ ಹೊತ್ತು ಬದುಕಬೇಕಾಯಿತು.

ಪರಿಹಾರದ ದಾರಿ

ವಿಮಾನಯಾನ ಕ್ಷೇತ್ರ ಈ ಸಮಸ್ಯೆಗೆ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದೆ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ವರದಿ ವ್ಯವಸ್ಥೆಯಲ್ಲಿ ಪೈಲಟ್‌ಗಳು ತಮ್ಮ ತಪ್ಪುಗಳನ್ನು ಗೋಪ್ಯವಾಗಿ ತಿಳಿಸಬಹುದು. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ ಹಾಗೆ ತಿಳಿಸಿದವರಿಗೆ ದಂಡನೆಯಲ್ಲಿ ರಿಯಾಯಿತಿಯುಂಟು. ಶಿಕ್ಷೆಯ ಭಯ ಕಡಿಮೆಯಾದಾಗ ಸತ್ಯ ಹೊರಬರುತ್ತದೆ, ಸತ್ಯ ಹೊರಬಂದಾಗ ವ್ಯವಸ್ಥೆ ಸುಧಾರಿಸುತ್ತದೆ ಎಂಬುದು ಅದರ ತಿರುಳು. ಭದ್ರತೆಯ ಕ್ಷೇತ್ರದಲ್ಲೂ ಕೆಲವು ಸಂಸ್ಥೆಗಳು ಘಟನೆಯ ಬಳಿಕ ‘ಯಾರು’ ಎಂದು ಕೇಳುವ ಮೊದಲು ‘ಹೇಗೆ’ ಎಂದು ಕೇಳುವ ರೂಢಿಯನ್ನು ಬೆಳೆಸಿಕೊಂಡಿವೆ.

ಕೆಲಸಕ್ಕೆ ಸೇರುವವರು ಕೇಳಿ ತಿಳಿಯಬೇಕಾದ ಕೆಲವು ಪ್ರಶ್ನೆಗಳಿವೆ. ಅಪಾಯ ಕಂಡಾಗ ವ್ಯವಸ್ಥೆಯನ್ನು ನಿಲ್ಲಿಸುವ ಅಧಿಕಾರ ಯಾರದು? ರಾತ್ರಿಪಾಳಿಗೂ ಕರೆ ಬಂದಾಗ ಓಡಬೇಕಾದ ದಿನಗಳಿಗೂ ಪ್ರತ್ಯೇಕ ಭತ್ಯೆ, ರಜೆ ಉಂಟೆ? ದೋಷವೊಂದನ್ನು ಸದ್ಯಕ್ಕೆ ಸರಿಪಡಿಸುವುದಿಲ್ಲ ಎಂದು ಮೇಲಿನವರು ನಿರ್ಧರಿಸಿದರೆ ಅದಕ್ಕೆ ಅವರು ಸಹಿ ಹಾಕುತ್ತಾರೆಯೆ? ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಆ ಸಹಿ ಇದ್ದರೆ ಹೊಣೆ ಅಧಿಕಾರವಿದ್ದಲ್ಲಿಗೇ ಸೇರುತ್ತದೆ. ಇಲ್ಲವಾದರೆ ಅದು ಇಳಿಜಾರಿನ ನೀರಿನಂತೆ ಕೆಳಗಿನವರ ಕಡೆಗೇ ಹರಿಯುತ್ತದೆ.

ಇಲ್ಲಿಯೇ ಭಾಷಾ ವಿಭಾಗದವರಾದ ನಮಗೆ ಹೇಳಬೇಕಾದ ಒಂದು ಮಾತಿದೆ. ಕರ್ಮಣಿ ಪ್ರಯೋಗದಲ್ಲಿ ಕರ್ತೃಪದವನ್ನು ಬಿಟ್ಟುಬಿಡಬಹುದೆಂದು ವ್ಯಾಕರಣದ ತರಗತಿಯಲ್ಲಿ ಕಲಿತಿದ್ದೇವೆ. ‘ದೋಷವನ್ನು ಸರಿಪಡಿಸತಕ್ಕದ್ದು’ ಎಂದು ನಾಲ್ಕು ನೂರು ಮಂದಿಗೆ ಬರೆದರೆ ಆ ವಾಕ್ಯಕ್ಕೆ ಕರ್ತೃವೇ ಇಲ್ಲ. ‘ಇಂಥವರು, ಇಂಥ ಯಂತ್ರದಲ್ಲಿ, ಇಂಥ ದಿನದೊಳಗೆ ಸರಿಪಡಿಸಿ ನನಗೆ ತಿಳಿಸಬೇಕು’ ಎಂದು ಬರೆದಾಗ ಮಾತ್ರ ಎಚ್ಚರಿಕೆ ಒಬ್ಬರ ಕೈಗೆ ಹೋಗಿ ಸೇರುತ್ತದೆ. ಕರ್ತೃ, ಕರ್ಮ, ಕ್ರಿಯೆ, ಕಾಲ ನಾಲ್ಕೂ ಅಲ್ಲಿರುತ್ತವೆ. ಅಂತಹ ಬರಹ ಸಂಸ್ಥೆಯನ್ನೂ ಕಾಯುತ್ತದೆ, ನಾಳೆ ವಿಚಾರಣೆ ಬಂದರೆ ಬರೆದವರನ್ನೂ ಕಾಯುತ್ತದೆ. ಈ ಕೆಲಸಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಯಾವ ಭಾಷೆಯಲ್ಲಿಯೇ ಬರೆಯಲಿ, ಕರ್ತೃಪದವನ್ನು ಬಿಡದೆ ಬರೆಯಲಿ.